ಬಿಳಿ ಬಟ್ಟೆ ಎಳೆಯುತ್ತಿದ್ದವರು

ಪ್ಯಾಂಟಿನ ತುದಿಯ ಮೇಲೆ ಮೊಣಕಾಲಿನವರೆಗೆ ಎಳೆದ ಬಿಳಿ ಕಾಲುಚೀಲ. ಎಳ್ಳಿಗಿಂತ ಸಣ್ಣ ಉಣುಗು, ಅಂದರೆ ರಕ್ತ ಹೀರುವ ಉಣ್ಣೆಹುಳ, ಹತ್ತಿದರೂ ಅದರ ಮೇಲೆ ಕಾಣಬೇಕು. ಯಾರ ಮನೆಗೆ ಬಂದರೂ ಅಂಗಳದಲ್ಲೇ ನಿಂತು ಅದನ್ನು ಮಡಚಿ ಬಿಡಿಸಿ ನೋಡಿಕೊಳ್ಳುತ್ತಿದ್ದರು. ಚಹಾ ಆರಿದರೂ ಸರಿ, ನೋಡದೆ ಮೆಟ್ಟಿಲು ಹತ್ತಿದವರಲ್ಲ. ಸಿದ್ದಾಪುರದ ಹಳ್ಳಿಗಳಲ್ಲಿ ಅವರಿಗೆ ಉಣುಗಿನ ಮಾಸ್ತರು ಎಂದೇ ಹೆಸರು.

ಹಾವೇರಿ ಕಡೆಯವರು. ಕೇಂದ್ರ ಸರ್ಕಾರದ ವೈರಾಣು ಸಂಶೋಧನಾ ಸಂಸ್ಥೆಯ ನೌಕರರು. ಕಾಡಿನ ನೆಲದ ಮೇಲೆ ಬಿಳಿ ಫ್ಲಾನೆಲ್ ಬಟ್ಟೆ ಎಳೆದು, ಅಂಟಿದ ಉಣುಗುಗಳನ್ನು ಗಾಜಿನ ನಳಿಕೆಗೆ ತುಂಬಿ ಪ್ರಯೋಗಾಲಯಕ್ಕೆ ಕಳಿಸುವುದು ಅವರ ಕೆಲಸ. ಮಂಗ ಸತ್ತ ಸುದ್ದಿ ಬಂದರೆ ಊಟ ಬಿಟ್ಟು ಓಡುತ್ತಿದ್ದರು. ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆ ಯಾವ ಕಾಡಿಗೆ ಬಂತೆಂದು ತಿಳಿಯುತ್ತಿದ್ದುದೇ ಹಾಗೆ. ಸುದ್ದಿ ಕೊಡಬೇಕಾದವರು ಊರಿನವರು.

ತೊಂಬತ್ತರ ದಶಕದ ಕೊನೆಯ ಒಂದು ಬೇಸಿಗೆ. ನಾನು ತಾಲ್ಲೂಕು ವರದಿಗಾರ. ಕಾಡಿನಿಂದ ದರಕು, ಅಂದರೆ ಒಣ ಎಲೆ, ಗುಡಿಸಿ ತರುತ್ತಿದ್ದ ಹೆಂಗಸೊಬ್ಬಳು ನನಗೆ ಹೇಳಿದಳು: “ಅಂವ ಬಟ್ಟೆ ಎಳದು ಉಣುಗು ಬಿಟ್ಟಿಕ್ಕೆ ಹೋಗ್ತ ಕಾಣ್ತು, ತಮಾ.” ಕಾಡಿಗೆ ಉಣುಗು ತಂದು ಬಿಡುವವರು ಮಾಸ್ತರೇ ಎಂದು ಊರಿನ ಇನ್ನೂ ನಾಲ್ವರು ಅಂದರು.

ಮಾಸ್ತರನ್ನು ಕೇಳಿದೆ. ನಕ್ಕರು. “ಬಿಡಾಕ ನನ್ನ ಹತ್ರ ಎಲ್ಲಿ ಅದಾವ್ರಿ? ಇಲ್ಲಿಂದನ ಹಿಡಕೊಂಡು ಒಯ್ಯತೀನಿ.”

ಊರಿನವರ ಶಂಕೆ ಎರಡು ಕಾಲಂ ಸುದ್ದಿಯಾಗಿ ಬಂತು. ಮಾಸ್ತರ ಉತ್ತರ ಬರಲಿಲ್ಲ. ಹೇಳಿಕೆ ಕೊಡಲು ಅವರಿಗೆ ಅಧಿಕಾರವಿಲ್ಲ, ಸಂಸ್ಥೆಯ ಅಧಿಕೃತ ಹೇಳಿಕೆ ಬಂದ ಮೇಲೆ ಹಾಕಿದರಾಯಿತು ಎಂದು ನಾನೇ ಬಿಟ್ಟಿದ್ದೆ. ಶಂಕೆಪಡಲು ಯಾರಿಗೆ ಅಧಿಕಾರವಿದೆ ಎಂದು ಮಾತ್ರ ಕೇಳಿರಲಿಲ್ಲ.

ಆಮೇಲೆ ಆ ಊರು ಸತ್ತ ಮಂಗಗಳ ಸುದ್ದಿ ಕೊಡುವುದನ್ನೇ ನಿಲ್ಲಿಸಿತು. ದರಕಿನ ಜಾಗದಲ್ಲಿ ಎರಡು ಮಂಗ ಸತ್ತು ಬಿದ್ದದ್ದನ್ನು ಆ ಹೆಂಗಸು ನೋಡಿದ್ದಳು. ಯಾರಿಗೂ ಹೇಳದೆ ಮರುದಿನವೂ ಅಲ್ಲೇ ಗುಡಿಸಿದಳು. ಜ್ವರ ಬಂದಾಗ ಅವಳ ರಕ್ತವನ್ನು ಐಸ್ ಪೆಟ್ಟಿಗೆಯಲ್ಲಿಟ್ಟು ಒಯ್ದವರು ಮಾಸ್ತರೇ. ಫಲಿತಾಂಶ ಬರುವ ಮೊದಲೇ ಅವಳು ತೀರಿಕೊಂಡಳು.

ಆ ವಾರ ಮಾಸ್ತರು ನನ್ನ ಕೋಣೆಗೆ ಬಂದರು. ಬಾಗಿಲಲ್ಲಿ ನಿಂತು ಕಾಲುಚೀಲ ನೋಡಿಕೊಂಡರು. ಅವರು ಬಾಯಿ ತೆರೆಯುವ ಮೊದಲೇ ನಾನು, ಬರೆದುದರಲ್ಲಿ ಒಂದು ವಾಕ್ಯವೂ ಸುಳ್ಳಲ್ಲ ಎಂದೆ.

“ಸುಳ್ಳು ಅಂತ ನಾ ಎಲ್ಲಿ ಅಂದೆ? ಮಂಗ ಸತ್ತರ ತಿಳಸ್ರಿ ಅಂತ ಒಂದು ಸಾಲು ಹಾಕ್ರಿ. ಸಾಕು.”

ಹಾಕಿದೆ. ಅವರ ಮೇಲಿನ ಶಂಕೆಯ ಬಗ್ಗೆ ಏನೂ ಬರೆಯಲಿಲ್ಲ. ತಪ್ಪಿದ್ದರೆ ತಿದ್ದುಪಡಿ ಎಂಬುದು ಪತ್ರಿಕೆಯ ನಿಯಮ, ತಪ್ಪು ಇರಲಿಲ್ಲವಲ್ಲ.

ನಿವೃತ್ತರಾಗಿ ಊರಿಗೆ ಹೋದ ಕೆಲವು ವರ್ಷಕ್ಕೆ ಅವರು ತೀರಿಕೊಂಡರು. ನಿಧನ ವಾರ್ತೆ ನಾನೇ ಬರೆದೆ, ನಾಲ್ಕು ಸಾಲು. ಅವರು ಎಳೆಯುತ್ತಿದ್ದ ಬಟ್ಟೆ ಉಣುಗು ಬಿಡುವುದಕ್ಕಲ್ಲ, ಹಿಡಿಯುವುದಕ್ಕೆ ಎಂಬುದು ಕೊನೆಯ ಸಾಲು. ಅದಕ್ಕೆ ಯಾರ ಅಧಿಕೃತ ಹೇಳಿಕೆಯನ್ನೂ ಕೇಳಲಿಲ್ಲ.