ರೈಟರಯ್ಯನ ‘ಅಲಾಸ್’
ಹೆತ್ತೂರಿನ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿರುವ ಷಡಕ್ಷರಯ್ಯನವರಿಗೆ ಒಂದು ಕಡೆ ಕೂತು ಗೊತ್ತಿಲ್ಲ. ಕಾಫಿ ಒಣಗುವ ಕಣದ ಸುತ್ತ ತಿರುಗುತ್ತಲೇ ಇರುತ್ತಾರೆ, ಮೋಡದ ಚೂರು ಕಂಡರೂ ಸಾಕು, “ಅಲಾಸ್!” ಎಂದು ಕೂಗುತ್ತಾರೆ. ಹಿಂದಿನ ಬಿಳಿ ದೊರೆ ಬಂಗಲೆಯಲ್ಲಿ ಬಿಟ್ಟುಹೋದ ಹಳೆಯ ಇಂಗ್ಲಿಷ್ ಕಾದಂಬರಿಗಳಿಂದ ಅವರಿಗೆ ಅಂಟಿದ ‘ಅಯ್ಯೋ’ ಅದು. ಅಲ್ಲಿ ಎಲ್ಲವೂ ಕೈಮೀರಿದ ಮೇಲೆ ದೊರೆಸಾನಿಯರು ಹಾಗೆಂದು ಮೂರ್ಛೆ ಹೋಗುತ್ತಾರಂತೆ; ಇಲ್ಲಿ ಹಾಗೆಂದರೆ ಆಳುಗಳೆಲ್ಲ ಓಡಿಬಂದು ಕಾಫಿಯ ಮೇಲೆ ಟಾರ್ಪಾಲು ಎಳೆಯುತ್ತಾರೆ. ಜೀಪು ಕೆಟ್ಟರೂ ಅಲಾಸ್, ಸಾರಿಗೆ ಉಪ್ಪು ಹೆಚ್ಚಾದರೂ ಅಲಾಸ್. “ಅದೇನ್ರೀ ನಿಮ್ಮ ಅಲಾಸು, ಅಡುಗೆಮನೆಗೂ ಮಳೆ ಬರ್ತೈತಾ?” ಎಂದು ಹೆಂಡತಿ ಶಿವಲೀಲಾ ಛೇಡಿಸುತ್ತಿದ್ದರು. ಆಕೆಯನ್ನು ಹಾಸನದ ಆಸ್ಪತ್ರೆಗೆ ಸೇರಿಸಿದ ಮೇಲಂತೂ ಇವರ ಕಾಲು ಒಂದು ಕಡೆ ನಿಲ್ಲಲೇ ಇಲ್ಲ. ಮೊನ್ನೆ ಮಧ್ಯಾಹ್ನ ಎಸ್ಟೇಟಿನ ಸ್ಟೋರ್ ರೂಮಿಗೆ ಆಸ್ಪತ್ರೆಯಿಂದ ಫೋನ್ ಬಂತು. ಮಾತಾಡಿ ಹೊರಬಂದವರು ಬಾಯಿ ತೆರೆದರು. ಕಣದಲ್ಲಿದ್ದವರು ಮೈಯೆಲ್ಲ ಕಿವಿಯಾಗಿ ನಿಂತರು. ಅಲಾಸ್ ಬರಲಿಲ್ಲ. ಷಡಕ್ಷರಯ್ಯನವರು ಕಣದ ಅಂಚಿಗೆ ಬಂದು ಸುಮ್ಮನೆ ಕೂತರು. ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ. ಕಾಫಿ ಹರವುತ್ತಿದ್ದ ದ್ಯಾವಮ್ಮ ಅವರನ್ನೇ ನೋಡಿ, “ಟಾರ್ಪಾಲು ಎಳೀರೋ, ರೈಟರಯ್ಯ ಕೂತ್ಬುಟ್ರು,” ಎಂದಳು. ಆ ಸುಡುಬಿಸಿಲಿನಲ್ಲೇ ಎಲ್ಲರೂ ಓಡಿಬಂದು ಕಾಫಿ ಮುಚ್ಚಿದರು.