ಮುಂದೆ ಹೋಗಪ್ಪ

ನಮ್ಮ ಮುಂಬಾಗಿಲಿಗೆ ಹೆಸರುಕಾಳಿನಷ್ಟು ದೊಡ್ಡದೊಂದು ಗಾಜಿನ ಕಣ್ಣಿದೆ. ಹೊರಗಿನವರನ್ನು ಒಳಗಿನಿಂದ ನೋಡಿ, ನೋಡಿದ ಮೇಲೆ ಮನೆಯಲ್ಲಿ ಇಲ್ಲದವರಂತೆ ನಟಿಸಲು ನಾಗರಿಕತೆ ದಯಪಾಲಿಸಿದ ಈ ಉಪಕರಣದಲ್ಲಿ ಎಂಥ ಸುಂದರಾಂಗನೂ ದೊಡ್ಡ ಮೂಗಿನ, ಗಿಡ್ಡ ಕಾಲಿನ ಪ್ರಾಣಿಯಾಗಿ ಕಾಣುತ್ತಾನೆ. ಹಾಗೆ ಕಂಡವರಲ್ಲಿ ಕೊರಿಯರಿನವನಿಗೆ ಬಾಗಿಲು ತೆರೆಯುತ್ತೇನೆ, ಚಂದಾದವರು ಬಂದರೆ ಉಸಿರು ಬಿಗಿಹಿಡಿದು ನಿಲ್ಲುತ್ತೇನೆ, ಜೋಳಿಗೆ ಕಂಡರೆ ಮಾತ್ರ ಬಾಗಿಲ ಹಿಂದಿನಿಂದಲೇ ‘ಮುಂದೆ ಹೋಗಪ್ಪ’ ಎನ್ನುತ್ತೇನೆ. ಈ ಪುಟ್ಟ ವಾಕ್ಯದ ಸೌಜನ್ಯವನ್ನು ನೀವು ಗಮನಿಸಿರಬೇಕು. ‘ಇಲ್ಲ’ ಎಂಬ ಕಠೋರ ಶಬ್ದ ಅದರಲ್ಲಿಲ್ಲ, ಕೊನೆಯಲ್ಲಿ ಒಂದು ‘ಅಪ್ಪ’ ಬೇರೆ ಇದೆ. ಕಾಸು ಬಿಚ್ಚದೆ ಕಕ್ಕುಲಾತಿ ತೋರುವುದರಲ್ಲಿ ನಮ್ಮಂಥ ಓದಿದವರನ್ನು ಮೀರಿಸುವುದು ಕಷ್ಟ.

ನಾನು ಮೈಸೂರಿನವನು. ಹೆಂಡತಿಗೆ ಕೊಳ್ಳೇಗಾಲದ ಕಾಲೇಜಿಗೆ ವರ್ಗವಾದಾಗ ಅವಳ ಸಾಮಾನು ಸರಂಜಾಮುಗಳ ಜತೆ ಲಾರಿಯಲ್ಲಿ ಬಂದಿಳಿದವನು. ಅವಳು ಹನೂರು ಕಡೆಯ ಶಾಗ್ಯದ ಮನೆಮಗಳಾದ್ದರಿಂದ ಅವಳಿಗಿದು ತವರಿಗೆ ಬಂದ ಸಂಭ್ರಮ. ನನಗೆ ವಾರಕ್ಕೊಂದು ಅಂಕಣ ಬರೆಯಲು ಹೊಸ ಸರಕು. ತಾರಸಿಯ ಮೇಲೆ ಕುರ್ಚಿ ಹಾಕಿಕೊಂಡು, ಯಳಂದೂರಿನಾಚೆಗಿನ ನೀಲಿ ಬೆಟ್ಟಸಾಲನ್ನು ದೂರದಿಂದಲೇ ದಿಟ್ಟಿಸಿ, ಕಾಡಿಗೆ ಕಾಲಿಡದೆಯೇ ಆನೆಗಳ ಅಂತರಂಗದ ಅಳಲನ್ನು ಬಣ್ಣಿಸಿದ್ದೇನೆ. ಕಲೆ ಕ್ಷೀಣಿಸಿದಾಗಲೆಲ್ಲ ಕಣ್ಣೀರಿಟ್ಟಿದ್ದೇನೆ. ದಾನದ ಮಹಿಮೆಯನ್ನಂತೂ ಎಷ್ಟು ಸಲ ಕೊಂಡಾಡಿದ್ದೇನೆಂದರೆ, ಕೊಡಲು ಪುರುಸೊತ್ತೇ ಸಿಕ್ಕಿಲ್ಲ. ಎದುರುಮನೆಯ ನಿವೃತ್ತ ಎಂಜಿನಿಯರರು ನನ್ನ ಪರಮ ಓದುಗರು. ‘ಏನು ಸೂಕ್ಷ್ಮದೃಷ್ಟಿ ಸಾರ್ ನಿಮ್ಮದು’ ಎಂದು ಅವರು ಪ್ರತಿವಾರ ಹೇಳುತ್ತಾರೆ, ನಾನು ಪ್ರತಿವಾರ ನಾಚಿಕೊಳ್ಳುತ್ತೇನೆ.

ಕಳೆದ ಕಾರ್ತಿಕದ ಒಂದು ಸೋಮವಾರ ಆ ಸೂಕ್ಷ್ಮದೃಷ್ಟಿಯನ್ನು ಬಾಗಿಲಿನ ಗಾಜಿಗೆ ಹಚ್ಚಿದಾಗ ಹೊರಗೆ ಕಂಡದ್ದು ಕಾವಿ ಅಂಗಿ, ರುದ್ರಾಕ್ಷಿ, ಹೆಗಲಿಗೆ ಜೋಳಿಗೆ, ಬರಿಗಾಲು. ಕೈಯಲ್ಲಿ ಕಂಚಿನ ಕಂಸಾಳೆ. ಅದು ಝಣ್ಣೆಂದು ಬೀದಿಯನ್ನೆಲ್ಲ ತುಂಬಿತು, ಹಿಂದೆಯೇ ‘ಕೋರಣ್ಯ ಕಣ್ರವ್ವಾ’ ಎಂಬ ಕೂಗು. ಬೆಟ್ಟದ ದೇವರು ಮಾದಪ್ಪನ ಹೆಸರಿನಲ್ಲಿ ಎತ್ತುವ ಭಿಕ್ಷೆಗೆ ಇಲ್ಲಿ ಕೋರಣ್ಯ ಎನ್ನುತ್ತಾರೆ ಎಂಬಷ್ಟು ಪಾಂಡಿತ್ಯ ನನಗಿತ್ತು. ಅಂದು ಅಂಕಣಕ್ಕೆ ವಿಷಯವಿರಲಿಲ್ಲವಾದ್ದರಿಂದ ‘ಮುಂದೆ ಹೋಗಪ್ಪ’ ಎನ್ನದೆ ಬಾಗಿಲು ತೆರೆದು, ಫೋಟೊ ಹಿಡಿದು, ಹೆಸರು ಕೇಳಿದೆ. ‘ಧನ್ಗೆರೆ ಮಾದಪ್ಪ ಸಾ’ ಎಂದ. ಸಂದರ್ಶನ ಅಷ್ಟಕ್ಕೇ ಮುಗಿಯಿತು, ಮಿಕ್ಕಿದ್ದನ್ನು ಪ್ರತಿಭೆ ನೋಡಿಕೊಂಡಿತು. ಅವನ ಮೋಟಾರ್‌ಬೈಕು ಬೀದಿಯ ತಿರುವಿನಲ್ಲಿ ಹೊಂಗೆ ಮರದಡಿ ನಿಂತಿದ್ದದ್ದು ನನ್ನ ಸೂಕ್ಷ್ಮದೃಷ್ಟಿಗೆ ಬೀಳಲಿಲ್ಲ.

‘ಕಂಚಿನ ನಾದ, ಬರಿದಾದ ಜೋಳಿಗೆ’ ಎಂಬ ಅಂಕಣದಲ್ಲಿ ಅವನನ್ನು ಹೊತ್ತಿನ ಕೂಳಿಗೂ ಗತಿಯಿಲ್ಲದ ಮಹಾಕಲಾವಿದನನ್ನಾಗಿ ಮಾಡಿ, ಸಮಾಜಕ್ಕೆ ಛೀಮಾರಿ ಹಾಕಿದೆ. ಕಾಲೇಜಿನಿಂದ ಬಂದ ಹೆಂಡತಿ, ‘ಒಂದ್ ಮಾತು ಕೇಳ್ಕೊಂಡು ಬರೀಬಾರ್ದಾ?’ ಎಂದಳು. ಕೇಳಿ ಬರೆಯುವವನು ವರದಿಗಾರ, ಕೇಳದೆ ಬರೆಯುವವನು ಸಾಹಿತಿ ಎಂದು ಅವಳಿಗೆ ತಿಳಿಹೇಳಿದೆ.

ಓದುಗರು ಕರಗಿದರು. ಮೈಸೂರಿನ ಸಹೃದಯರ ಬಳಗವೊಂದು ಅಕ್ಕಿ ಮೂಟೆ, ಕಂಬಳಿ ಮತ್ತು ಇವೆರಡಕ್ಕಿಂತ ದೊಡ್ಡದಾದ ಬ್ಯಾನರಿನೊಂದಿಗೆ ವ್ಯಾನು ಹೊರಡಿಸಿತು. ಮುಂದಿನ ಸೀಟಿನಲ್ಲಿ ನಾನು. ಧನಗೆರೆಯಲ್ಲಿ ಮಾದಪ್ಪನ ಗುಡಿಸಲು ಎಲ್ಲಿ ಎಂದು ವಿಚಾರಿಸಿದರೆ ಜನ ಒಂದು ಮಹಡಿ ಮನೆ ತೋರಿಸಿದರು. ಅಂಗಳದಲ್ಲಿ ಟ್ರ್ಯಾಕ್ಟರು, ಪಕ್ಕದಲ್ಲಿ ರೇಷ್ಮೆಹುಳು ಸಾಕುವ ಉದ್ದನೆಯ ಮನೆ, ಜಗಲಿಯ ಮೇಲೆ ಊಟಕ್ಕೆ ಕುಳಿತ ಆಳುಗಳು. ಆಳುಗಳಿಗೆ ಸಾರು ಬಡಿಸುತ್ತಿದ್ದವನೇ ನಮ್ಮ ಕೂಳಿಗೆ ಗತಿಯಿಲ್ಲದ ಕಲಾವಿದ. ಬಳಗದವರು ಕ್ಷಣಕಾಲ ಕಂಗೆಟ್ಟರೂ, ಬ್ಯಾನರು ಬರೆಸಿಯಾಗಿದೆಯಲ್ಲ, ಬಿಡಿಸಿ ಹಿಡಿದೇಬಿಟ್ಟರು. ಮನೆಗೆ ಬಂದವರನ್ನು ಬೇಡವೆನ್ನಲು ಬಾಯಿ ಬಾರದ ಮಾದಪ್ಪ ಮೂಟೆಯ ಪಕ್ಕ ನಿಂತ. ಫೋಟೊ ಆದ ಮೇಲೆ ಅವನ ಹೆಂಡತಿ ನಮಗೆಲ್ಲ ಎಲೆ ಹಾಕಿದಳು. ದಾನ ಕೊಡಲು ಹೋದವರು ಮುದ್ದೆ, ಉಪ್ಸಾರು ಉಂಡು, ಮೂಟೆಗಳನ್ನು ಅಲ್ಲೇ ಇಳಿಸಿ ತೇಗುತ್ತ ಬಂದೆವು.

ಫೋಟೊ ಪತ್ರಿಕೆಯಲ್ಲಿ ಬಂದ ಮರುದಿನ ಮಾದಪ್ಪ ಬಿಳಿ ಅಂಗಿ ತೊಟ್ಟು, ಮಗಳು ಸವಿತಾಳನ್ನು ಕರೆದುಕೊಂಡು ಬಂದ. ಬಾಗಿಲಿನ ಗಾಜಿನಲ್ಲಿ ಅವನ ಮೂಗು ಅಂದು ನಿಜಕ್ಕೂ ದೊಡ್ಡದಾಗಿ ಕಂಡಿತು.

‘ಬಡವ ಅಂತ ಬರುದ್ರಿ ಸಾ, ಅದು ಓಗ್ಲಿ’ ಎಂದ. ‘ಕೋರಣ್ಯದೋನು ಮೂಟೆ ಇಸ್ಕಂಡ ಅನ್ನಂಗೆ ಮಾಡ್ಬುಟ್ರಲ್ಲ. ನಮ್ದು ಬಡತನುದ್ ಬೇಡಾಟ ಅಲ್ಲ ಸಾ, ದೀಕ್ಷೆ. ನಾಕ್ ಮನೆ, ಮನೆಗೊಂದ್ ಇಡಿ. ಅವತ್ತಿಂದು ಅವತ್ತೇ ಬೇಯ್ಸಿ ಅಂಚ್ಕಂಡು ಉಣ್ಬೇಕು, ಮಿಗಿಸ್ಬಾರ್ದು. ಒಲ ಮನೆ ಐತೆ ಅಂತ ಕೊಬ್ಬು ಬರ್ಬಾರ್ದಲ್ಲ, ಅದ್ಕೆ ನಮ್ಮಪ್ಪನೂ ತಿರುಗ್ದ, ನಾನೂ ತಿರುಗ್ತೀನಿ.’

ವಿಷಯ ಅಷ್ಟಕ್ಕೇ ನಿಂತಿರಲಿಲ್ಲ. ಸವಿತಾಳಿಗೆ ರಾಮಾಪುರದಲ್ಲಿ ಗಂಡು ಗೊತ್ತಾಗಿತ್ತು, ಅವರೂ ಇದೇ ದೇವರ ಒಕ್ಕಲು. ಆ ದೇವರ ಹೆಸರಿನಲ್ಲಿ ಮೂಟೆ ಪೇರಿಸಿಕೊಳ್ಳುವ ಮನೆಯಿಂದ ಹೆಣ್ಣು ತರುವುದಿಲ್ಲವೆಂದು ಹುಡುಗನ ತಾತ ಹೇಳಿಕಳಿಸಿದ್ದರು. ಸವಿತಾ ಅಳಲಿಲ್ಲ. ‘ನಿಮ್ ಅಂಕಣ ನಾನೇ ಸಾ ನಮ್ಮಪ್ಪುಂಗೆ ಓದಿ ಏಳ್ತಿದ್ದದ್ದು. ಸಂದಾಗಿ ಬರೀತಾರೆ ಅಂತಿದ್ದೆ’ ಎಂದಳು, ಅಷ್ಟೆ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ನನಗೆ ಆ ಹೊತ್ತು ಕುಳಿತಲ್ಲಿ ಕೂರಲಾಗದಷ್ಟು ಸಂಕಟವಾಯಿತು.

ಮರುದಿನವೇ ಹನೂರಿನ ಮೇಲೆ ಹಾದು ಹೋಗುವ ಬಸ್ಸಿನಲ್ಲಿ ಮಾದಪ್ಪನೊಂದಿಗೆ ರಾಮಾಪುರಕ್ಕೆ ಹೋದೆ. ದಾರಿಯುದ್ದಕ್ಕೂ ಬರೆಯಲಿರುವ ಕ್ಷಮಾಪಣೆಗೆ ಎಂಥ ಶೀರ್ಷಿಕೆ ಒಪ್ಪೀತೆಂದು ಯೋಚಿಸುತ್ತಿದ್ದೆ. ಚಟ ಚಟ್ಟ ಹತ್ತುವವರೆಗೂ ಬಿಡುವುದಿಲ್ಲ. ತಾತ ಎಲೆ ಅಡಿಕೆ ಮೆಲ್ಲುತ್ತ ನನ್ನ ಭಾಷಣವನ್ನು ಪೂರ್ತಿ ಕೇಳಿದರು.

‘ಪೇಪರ್ನಲ್ಲಿ ಇನ್ನೊಂದ್ಸಲ ಬರುದ್ರೆ ಇನ್ನೊಂದಷ್ಟ್ ಮೂಟೆ ಬತ್ತವೆ ಕಣ್ರಿ’ ಎಂದರು. ‘ಅದ್ಯಾವ್ದೂ ಬ್ಯಾಡ. ಆ ಮೂಟೆ ಬೆಟ್ಟುದ್ ದೇವುರ್ ದಾಸೋಹಕ್ಕೆ ಓಗ್ಲಿ. ಬರೋ ಸ್ವಾಮಾರ ನೀವು ಮಾದಪ್ಪುನ್ ಜತೇಲಿ ಜೋಳ್ಗೆ ಇಡ್ಕಂಡು ನಿಮ್ ಬೀದೀಲೆ ನಾಕ್ ಮನೆ ತಿರುಗಿ. ಅದ್ರಲ್ ಬೇಯ್ಸಿದ್ದ ಎಲ್ಲಾರೂ ಉಣ್ಣನ. ಆಮೇಕೆ ಮದ್ವೆ ಮಾತು.’

ತಪ್ಪುಕಾಣಿಕೆ ಎಂದು ಬೇರೇನನ್ನಾದರೂ ಕೊಟ್ಟುಬಿಡೋಣವೆಂದು ಮಾದಪ್ಪನ ಮುಖ ನೋಡಿದೆ. ಅವನು ಮೊದಲ ಸಲ ನಕ್ಕ. ಸೋಮವಾರ ಬಂದೇ ಬಂತು. ನಾನು ಪಂಚೆಯುಟ್ಟು, ತಲೆಗೆ ಕಾವಿ ವಸ್ತ್ರ ಸುತ್ತಿ, ಡಾಂಬರು ರಸ್ತೆಯಲ್ಲಿ ಬರಿಗಾಲಲ್ಲಿ ನಿಂತೆ. ಕೂಗುವ ಕೆಲಸವನ್ನು ಮಾದಪ್ಪನಿಗೇ ಬಿಟ್ಟೆ. ಪರಿಚಿತ ಬೀದಿಯೇ ಜೋಳಿಗೆ ಹಿಡಿದು ನಿಂತಾಗ ಎಷ್ಟು ಬೇರೆ ಕಾಣುತ್ತದೆಂಬುದನ್ನು ಬಣ್ಣಿಸಲಾರೆ. ಎಲ್ಲ ಬಾಗಿಲುಗಳಿಗೂ ಕಣ್ಣುಗಳಿದ್ದವು. ಮೊದಲಿಗೆ ಎಂಜಿನಿಯರರ ಮನೆ. ಕಿಟಕಿಯ ಪರದೆ ತುಸು ಸರಿಯಿತು, ಮೃದುವಾದ ಧ್ವನಿ ಬಂತು: ‘ಮುಂದೆ ಹೋಗಪ್ಪ.’ ಅದರ ಕೊನೆಯ ‘ಅಪ್ಪ’ ಎಷ್ಟು ತಣ್ಣಗಿರುತ್ತದೆಂದು ನನಗೆ ಅಂದೇ ತಿಳಿದದ್ದು.

ಮುಂದಿನ ಮನೆಗಳಲ್ಲಿ ಹೇಗೋ ಮೂರು ಹಿಡಿ ರಾಗಿ ಬಿತ್ತು. ನಾಲ್ಕನೆಯ ಹಿಡಿಗೆ ಮಾದಪ್ಪ ನನ್ನ ಮನೆಯ ಮುಂದೆಯೇ ನಿಂತು ಕಂಸಾಳೆ ಬಾರಿಸಿದ. ರಜೆ ಹಾಕಿದ್ದ ಹೆಂಡತಿ ಮೊರದಲ್ಲಿ ರಾಗಿ ಹಿಡಿದು ಹೊರಬಂದಳು. ನಗುತ್ತಾಳೆಂದುಕೊಂಡೆ, ನಗಲಿಲ್ಲ. ತಲೆಯ ಮೇಲೆ ಸೆರಗು ಹೊದ್ದು, ಎರಡೂ ಕೈಯಲ್ಲಿ ಮೊಗೆದು ಹಾಕಿ, ಜೋಳಿಗೆಗೆ ಕೈಮುಗಿದಳು. ಇಷ್ಟು ವರ್ಷದಲ್ಲಿ ನನ್ನ ಯಾವ ಲೇಖನಕ್ಕೂ ಅವಳು ಅಷ್ಟು ಮರ್ಯಾದೆ ಕೊಟ್ಟದ್ದಿಲ್ಲ. ನನ್ನ ಕಣ್ಣು ತುಂಬಿತು, ಅದನ್ನು ಒರೆಸಿಕೊಳ್ಳಲು ಕೈ ಖಾಲಿಯಿರಲಿಲ್ಲ.

ಆ ರಾಗಿಯನ್ನು ಧನಗೆರೆಯಲ್ಲಿ ಬೀಸಿ ಮುದ್ದೆ ತೊಳಸಿದರು. ರಾಮಾಪುರದ ತಾತ ಮೊದಲ ತುತ್ತು ಮುರಿದು ನುಂಗಿ, ‘ಬೆಂದದೆ’ ಎಂದರು. ಸಂಬಂಧ ಕೂಡಿತು ಎಂಬುದಕ್ಕೆ ಅವರಾಡಿದ್ದು ಅದೊಂದೇ ಮಾತು. ನನ್ನ ಎಲೆಗೆ ಚಿಕ್ಕದೊಂದು ಮುದ್ದೆ ಇಡುತ್ತ ಸವಿತಾ, ‘ಉಣ್ಣಿ ಸಾ, ಇದು ನೀವ್ ಕೇಳಿ ತಂದಿದ್ದು’ ಎಂದಳು.

ಮೊನ್ನೆ ಎಂಜಿನಿಯರರು ಗೇಟಿನ ಬಳಿ ಹಿಡಿದು ನಿಲ್ಲಿಸಿದರು. ‘ಸಾರ್, ಈಚೆಗೆ ನಮ್ಮ ಬೀದೀಲಿ ಭಿಕ್ಷುಕರು ಜಾಸ್ತಿ ಆಗಿದ್ದಾರೆ. ಮೊನ್ನೆ ಸೋಮವಾರ ಒಬ್ಬ ಬಂದಿದ್ದ, ನೋಡಿದ್ರೆ ಓದಿದವನ ಥರ ಇದ್ದ, ಪಾಪ. ಹೊಟ್ಟೆ ಚುರುಕ್ ಅಂತು. ನಿಮ್ಮ ಅಂಕಣದಲ್ಲಿ ಅವನ ಬಗ್ಗೆ ಒಂದು ಬರೀಲೇಬೇಕು’ ಎಂದರು.

ಆಗಲಿ ಎಂದು ಕೈಮುಗಿದು, ಅವರು ಅಂದು ಹೇಳಿದಂತೆಯೇ, ಮುಂದೆ ಹೋದೆ.