ವಚನವಿಲ್ಲದ ಮೂರನೆಯ ಪಾಯಿಂಟ್

ಬೈಬಲ್ ಓದಲಿಕ್ಕೂ ಸಾಫ್ಟ್‌ವೇರ್ ಇದೆ ಎಂದರೆ ಶಿವಮೊಗ್ಗದ ಗೋಪಾಳದಲ್ಲಿ ನಮ್ಮ ಅಕ್ಕಪಕ್ಕದವರು ಈಗಲೂ ನಗುತ್ತಾರೆ. ನಗಲಿ. ಹೈಸ್ಕೂಲಿನಲ್ಲಿ ಗಣಿತ ಹೇಳುವ ನನಗೆ ಯಾವುದನ್ನಾದರೂ ಒಂದು, ಎರಡು, ಮೂರು ಎಂದು ಬಿಡಿಸಿ ಇಡದಿದ್ದರೆ ತಲೆಗೆ ಹತ್ತುವುದಿಲ್ಲ. ಆ ಸಾಫ್ಟ್‌ವೇರಿನಲ್ಲಿ ಎಡಗಡೆ ಅಧ್ಯಾಯ ತೆರೆದುಕೊಳ್ಳುತ್ತದೆ. ಬಲಗಡೆ ನಾವು ತಲೆಬರಹ ಬರೆದು, ಅದಕ್ಕೆ ಸೇರಿದ ವಚನಗಳನ್ನು ಎಳೆದು ತಂದು ಕೆಳಗೆ ಕೂರಿಸಬೇಕು. ಅಲ್ಲಿಗೆ ಭಾನುವಾರದ ಆರಾಧನೆಯಲ್ಲಿ ಹೇಳುವ ಬೋಧನೆಯ, ಅಂದರೆ ಪ್ರಸಂಗದ ಔಟ್‌ಲೈನ್ ಸಿದ್ಧ. ಅಷ್ಟೂ ತಾಳ್ಮೆ ಇಲ್ಲದವರಿಗೆ ಬೇರೆಯವರು ಮಾಡಿಟ್ಟ ಔಟ್‌ಲೈನ್‌ಗಳೂ ಅದರೊಳಗೇ ಇವೆ. ನನಗೆ ಅವೇ ಹೆಚ್ಚು ಇಷ್ಟ.

ಲ್ಯಾಪ್‌ಟಾಪ್ ನನ್ನದಾದರೂ ಆ ತಿಂಗಳು ಅದರ ಮುಂದೆ ಕೂತವಳು ನನ್ನ ಹೆಂಡತಿ. ಅವಳು ಹುಟ್ಟಿ ಬೆಳೆದದ್ದು ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸ್‌ನಲ್ಲಿ. ಅಲ್ಲಿನ ಸಣ್ಣ ಕ್ರೈಸ್ತ ಸಭೆಗೇ ನಾವು ಈಗಲೂ ಭಾನುವಾರ ಶಿವಮೊಗ್ಗದಿಂದ ಹೋಗುವುದು. ಆ ಸಭೆಯ ಆರಾಧನೆಯಲ್ಲಿ ಅಲ್ಲಿಯವರೆಗೆ ಹೆಂಗಸರು ಹಾಡಿದ್ದರು, ಪ್ರಾರ್ಥಿಸಿದ್ದರು, ಪ್ರಸಂಗ ಮಾತ್ರ ಮಾಡಿರಲಿಲ್ಲ. ಅವರು ಕೇಳಿ ಕೇಳಿ, ಕೊನೆಗೆ ಹಿರಿಯರು ಒಂದು ಭಾನುವಾರ ಕೊಟ್ಟು ನೋಡೋಣ ಎಂದು ಒಪ್ಪಿದರು. ಸರಿಹೋದರೆ ಇನ್ನು ಮೇಲೆ ತಿಂಗಳಿಗೊಮ್ಮೆ ಹೆಂಗಸರ ಪ್ರಸಂಗ. ಸರಿಹೋಗದಿದ್ದರೆ ಮತ್ತೆ ಆ ಮಾತು ಎತ್ತುವಂತಿಲ್ಲ. ಹೆಂಗಸರೆಲ್ಲ ಸೇರಿ ನನ್ನ ಹೆಂಡತಿಯನ್ನು ಮುಂದಕ್ಕೆ ತಳ್ಳಿದ್ದರು.

ಒಂದು ಕುಡಿಕೆ ಎಣ್ಣೆ ಬಿಟ್ಟರೆ ಮನೆಯಲ್ಲಿ ಏನೂ ಇಲ್ಲದ ವಿಧವೆಯ ಕಥೆಯನ್ನು ಅವಳು ಆರಿಸಿಕೊಂಡಳು. ನೆರೆಹೊರೆಯವರಿಂದ ಖಾಲಿ ಪಾತ್ರೆಗಳನ್ನು ಎರವಲು ತಾ ಎನ್ನುತ್ತಾನೆ ಪ್ರವಾದಿ. ಬಾಗಿಲು ಹಾಕಿಕೊಂಡು ಆಕೆ ಸುರಿಯುತ್ತಾ ಹೋದರೆ ಪಾತ್ರೆಗಳು ಮುಗಿಯುತ್ತವೆಯೇ ಹೊರತು ಎಣ್ಣೆ ಮುಗಿಯುವುದಿಲ್ಲ. ನಾನು ತಡಮಾಡದೆ ಸಿದ್ಧ ಔಟ್‌ಲೈನ್ ತೆಗೆದು ತೋರಿಸಿದೆ: ಕೊರತೆ, ವಿಧೇಯತೆ, ಪೂರೈಕೆ. ಎಷ್ಟು ಅಚ್ಚುಕಟ್ಟು!

"ಚೆನ್ನಾಗಿದೆ. ಆದ್ರೆ ಯಾರದ್ದೋ ಅಳತೆಗೆ ಹೊಲಿದಿದ್ದು," ಎಂದಳು. ಮನೆಯಲ್ಲೇ ಹೊಲಿಗೆ ತರಗತಿ ನಡೆಸುವವಳು, ರೆಡಿಮೇಡ್ ಎಂದರೆ ಮೂಗು ಮುರಿಯುತ್ತಾಳೆ.

ಒಂದೇ ಬೆರಳಿನಲ್ಲಿ ಟೈಪ್ ಮಾಡಿ ತನ್ನದೇ ಔಟ್‌ಲೈನ್ ಕಟ್ಟತೊಡಗಿದಳು. ಮೊದಲನೆಯದು, ಬಾಗಿಲಾಚೆ ಹೇಳಿಕೊಳ್ಳದ ಕಷ್ಟ. ಎರಡನೆಯದು, ಯಾಕೆಂದು ಕೇಳದೆ ಪಾತ್ರೆ ಕೊಟ್ಟ ನೆರೆಯವರು. ಇವೆರಡಕ್ಕೂ ವಚನಗಳನ್ನು ಎಳೆದು ಕೂರಿಸಿದ್ದಳು. ಮೂರನೆಯದು, ಪಾತ್ರೆಗಳನ್ನು ಹಿಂದಿರುಗಿಸುವುದು. ಅದರ ಕೆಳಗೆ ಖಾಲಿ ಚೌಕವೊಂದು ಬಾಯಿ ಬಿಟ್ಟುಕೊಂಡು ಕೂತಿತ್ತು. ಉತ್ತರ ಬರೆಯದೆ ಬಿಟ್ಟ ಲೆಕ್ಕ ಕಂಡಂತಾಗಿ ನನಗೆ ಮೈ ಉರಿಯಿತು.

"ಮಾರಾಯ್ತಿ, ಪಾತ್ರೆ ವಾಪಸ್ ಕೊಟ್ಟಳು ಅಂತ ಎಲ್ಲಿದೆ?"

"ಎಲ್ಲೂ ಇಲ್ಲ. ಹಾಗಂತ ಊರವರ ಪಾತ್ರೆನೆಲ್ಲ ಇಟ್ಕೊಂಡು ಕೂತ್ಲಾ?"

ಬೇರೆ ಅಧ್ಯಾಯದಿಂದ ನೆರೆಯವರ ಮೇಲಿನ ಪ್ರೀತಿಯ ಬಗ್ಗೆ ಒಂದು ವಚನ ಹುಡುಕಿ ಆ ಚೌಕಕ್ಕೆ ಅಂಟಿಸಿದೆ. ಅವಳು ಅದನ್ನು ಅಳಿಸಿದಳು. "ಅದು ಬೇರೆ ಕಡೆ ಮಾತು ಕಣ್ರೀ. ಇಲ್ಲಿ ತಂದು ಮೆತ್ತಿದ್ರೆ ಸುಳ್ಳಾಗುತ್ತೆ," ಎಂದಳು. ಆಮೇಲೆ ಲ್ಯಾಪ್‌ಟಾಪ್ ಪಕ್ಕಕ್ಕಿಟ್ಟು ತನ್ನ ತಾಯಿಯ ಬಗ್ಗೆ ಹೇಳಿದಳು. ಅವರ ಕ್ವಾರ್ಟರ್ಸ್ ಲೈನಿನ ಸಾಲುಮನೆಗಳಲ್ಲಿ ಎರವಲು ತಂದ ಪಾತ್ರೆಯನ್ನು ಖಾಲಿ ಹಿಂದಿರುಗಿಸುವ ಪದ್ಧತಿಯೇ ಇರಲಿಲ್ಲವಂತೆ. ಗಂಡ ತೀರಿಕೊಂಡ ಮೇಲೂ ಇವಳಮ್ಮ ಅದನ್ನು ಬಿಡಲಿಲ್ಲ. ಒಂದು ಹಿಡಿ ನುಗ್ಗೆಸೊಪ್ಪು, ಒಂದು ನಿಂಬೆಹಣ್ಣು, ಅದೂ ಇಲ್ಲದ ದಿನ ಒಂದು ಕಡ್ಡಿ ಕರಿಬೇವು. ಪಾತ್ರೆ ಹೊತ್ತು ಹೋಗುತ್ತಿದ್ದವಳು ಇವಳೇ. ಅದು ಎಷ್ಟು ಹಗುರ ಎಂದು ನಾಚಿಕೆಯಾಗುತ್ತಿತ್ತಂತೆ. ಇಷ್ಟು ವರ್ಷ ಸಂಸಾರ ಮಾಡಿದರೂ ನನಗೆ ಗೊತ್ತಿರದ ಸಂಗತಿ ಅದು. ನಾನು ಆ ಚೌಕವನ್ನು ಖಾಲಿಯೇ ಬಿಟ್ಟು ಸೇವ್ ಮಾಡಿದೆ.

ಆದರೆ ಇನ್ನೊಬ್ಬರನ್ನು ಒಪ್ಪಿಸಬೇಕಿತ್ತು. ಆ ಸಭೆಯಲ್ಲಿ ಅರ್ಧದಷ್ಟು ಜನ ತಮಿಳರು. ಪ್ರಸಂಗ ಮಾಡುವವರು ಕನ್ನಡದಲ್ಲಿ ಒಂದೆರಡು ಮಾತು ಹೇಳಿ ನಿಲ್ಲಬೇಕು, ಪಕ್ಕದಲ್ಲಿ ನಿಂತವರು ಅದನ್ನು ತಮಿಳಿಗೆ ತಿರುಗಿಸಬೇಕು. ಹಾಗೆ ತಿರುಗಿಸುವವರು ಸಭೆಯ ದೊಡ್ಡ ಹಿರಿಯರು, ಕಾರ್ಖಾನೆಯಿಂದ ನಿವೃತ್ತರಾದವರು, ನನ್ನ ಹೆಂಡತಿ ಬೆಳೆದ ಲೈನಿನಲ್ಲೇ ಬೆಳೆದವರು. ಹೆಂಗಸರ ಪ್ರಸಂಗ ಬೇಡವೇ ಬೇಡ ಎಂದು ಪಟ್ಟು ಹಿಡಿದಿದ್ದವರೂ ಅವರೇ. ಪದ್ಧತಿಯ ಪ್ರಕಾರ ಹಿಂದಿನ ದಿನವೇ ಅವರಿಗೆ ಔಟ್‌ಲೈನಿನ ಪ್ರಿಂಟ್ ಕೊಟ್ಟೆವು. ಕನ್ನಡಕ ಏರಿಸಿ ಓದಿದವರು ಮೂರನೆಯದರ ಮೇಲೆ ಬೆರಳಿಟ್ಟರು.

"ಇದಕ್ಕೆ ವಚನ ಎಲ್ಲಮ್ಮ?"

"ಇಲ್ಲ ಅಂಕಲ್."

"ವಚನ ಇಲ್ದೆ ಇರೋದನ್ನ ನಾನು ತಮಿಳಲ್ಲಿ ಹೇಳಲ್ಲ. ಎರಡಕ್ಕೇ ಮುಗಿಸಿಬಿಡು."

"ನೋಡ್ತೀನಿ ಅಂಕಲ್," ಎಂದಳು. ಅವಳು ನೋಡ್ತೀನಿ ಎಂದರೆ ನೋಡುವುದಿಲ್ಲ ಎಂದು ನನಗೆ ಗೊತ್ತು, ಪಾಪ, ಅವರಿಗೆ ಗೊತ್ತಿರಲಿಲ್ಲ.

ಭಾನುವಾರ ಮೊದಲ ಎರಡು ಪಾಯಿಂಟ್ ಸರಾಗವಾಗಿ ಹೋದವು. ಇವಳ ಕನ್ನಡ, ಅವರ ತಮಿಳು, ಮತ್ತೆ ಇವಳ ಕನ್ನಡ. ಎರಡನೆಯದು ಮುಗಿದಾಗ ಹಿರಿಯರು ಕಾಗದ ಮಡಚಿದರು. ಇವಳು ನಿಲ್ಲಲಿಲ್ಲ.

"ಆ ಪಾತ್ರೆಗಳು ಆಮೇಲೆ ಏನಾದವು ಅಂತ ಇಲ್ಲಿ ಬರೆದಿಲ್ಲ. ಬರೆದಿಲ್ಲ ಅಂತ ಮೊದ್ಲೇ ಹೇಳ್ತಿದ್ದೀನಿ. ಇನ್ನು ನಾನು ಹೇಳೋದು ಕಣ್ಣಾರೆ ಕಂಡಿದ್ದು ಅಷ್ಟೇ. ನಮ್ಮಮ್ಮ ಯಾರ ಪಾತ್ರೆನೂ ಖಾಲಿ ಕಳಿಸ್ತಿರ್ಲಿಲ್ಲ. ಏನೂ ಇಲ್ಲದ ದಿನ ಒಂದು ಕಡ್ಡಿ ಕರಿಬೇವು ಹಾಕಿ ಕಳಿಸೋರು."

ಅಷ್ಟು ಹೇಳಿ ತಮಿಳಿಗೆ ಕಾದಳು. ಹಿರಿಯರು ಬಾಯಿ ಬಿಡಲಿಲ್ಲ. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮುಗಿಯಿತು, ಇವರು ಈಗ ಹೋಗಿ ಕೂತುಬಿಡುತ್ತಾರೆ ಎಂದುಕೊಂಡೆ. ಸಿಟ್ಟು ನೆತ್ತಿಗೇರಿ, ನನ್ನ ಹರುಕುಮುರುಕು ತಮಿಳಿನಲ್ಲಿ ನಾನೇ ಹೇಳುತ್ತೇನೆ ಎಂದು ಬೆಂಚಿನಿಂದ ಅರ್ಧ ಎದ್ದೂ ಬಿಟ್ಟಿದ್ದೆ.

ಆಗ ಅವರು ಶುರುಮಾಡಿದರು. ಇವಳು ಹೇಳಿದ್ದನ್ನು ಹೇಳಿದರು, ಆದರೆ ಅಲ್ಲಿಗೆ ನಿಲ್ಲಿಸಲಿಲ್ಲ. ತಮಿಳು ಮುಂದುವರಿಯುತ್ತಲೇ ಇತ್ತು. ಅವರು ತಮ್ಮ ತಾಯಿಯ ಮಾತು ಹೇಳುತ್ತಿದ್ದಾರೆಂದು ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆ ಕರಿಬೇವಿನ ಪಾತ್ರೆ ಬರುತ್ತಿದ್ದದ್ದು ಅವರ ಮನೆಗೂ ಹೌದಂತೆ. ಬಂದ ದಿನವೇ ಅವರಮ್ಮ ಆ ಎಲೆಗಳನ್ನು ಸಾರಿಗೆ ಹಾಕುತ್ತಿದ್ದರಂತೆ. ಅವತ್ತು ಮಾತ್ರ ಊಟದಲ್ಲಿ ಯಾರೂ ಕರಿಬೇವನ್ನು ತಟ್ಟೆಯ ಅಂಚಿಗೆ ಸರಿಸುವಂತಿರಲಿಲ್ಲ, ಒಂದೆಲೆಯೂ ಬಿಡದೆ ತಿನ್ನಬೇಕಿತ್ತು. ಅದು ಆ ಮನೆಯಿಂದ ಬಂದದ್ದು ಎನ್ನುತ್ತಿದ್ದರಂತೆ ಅವರಮ್ಮ.

ನನಗಿಂತ ನೂರು ಪಾಲು ಚೆನ್ನಾಗಿ ತಮಿಳು ಬರುವವಳು ನನ್ನ ಹೆಂಡತಿ. ಈ ಮಾತು ಅವಳಿಗೂ ಗೊತ್ತಿರಲಿಲ್ಲ. ಎರಡೂ ಕೈಯಲ್ಲಿ ಪ್ರಸಂಗ ಪೀಠದ ಅಂಚು ಹಿಡಿದುಕೊಂಡು ನಿಂತಳು, ಮಾತು ಹೊರಡಲಿಲ್ಲ. ನನ್ನ ಕಣ್ಣೂ ತುಂಬಿ ಬಂದಿತ್ತು. ಅವಳ ಮೇಲೆ ನನಗೆ ಅಷ್ಟು ಪ್ರೀತಿ ಉಕ್ಕಿದ್ದು ನಮ್ಮ ಮದುವೆಯ ದಿನವೂ ಇಲ್ಲ.

ಹಿರಿಯರು ಕನ್ನಡಕ ತೆಗೆದು ಒರೆಸಿಕೊಂಡು ಅವಳ ಕಡೆ ತಿರುಗಿದರು.

"ನಿಧಾನವಾಗಿ ಹೇಳಮ್ಮ, ಅರ್ಜೆಂಟಿಲ್ಲ," ಎಂದರು ಕನ್ನಡದಲ್ಲಿ. "ಇವತ್ತು ಆಗದಿದ್ರೆ ಮುಂದಿನ ತಿಂಗಳು ನಿಂತು ಹೇಳು."

ಹೇಳಿದವರು ಅಭ್ಯಾಸಬಲದಿಂದ ಜನರ ಕಡೆ ತಿರುಗಿ ಅದನ್ನೂ ತಮಿಳಿನಲ್ಲಿ ಹೇಳಿಬಿಟ್ಟರು.